ಯೋಚನೆ ತಲೆಯಿಂದ ಕೈಗೆ ಇಳಿಯುವುದು ಹೇಗೆ

ಮಾಡಬೇಕು ಮಾಡಬೇಕು ಅಂದುಕೊಂಡು ಇನ್ನೂ ಮಾಡದ ಕೆಲಸ ಒಂದಾದರೂ ನಿಮ್ಮ ತಲೆಯಲ್ಲಿ ಇದ್ದೇ ಇರುತ್ತದೆ. ಸ್ವಂತ ವ್ಯವಹಾರ ಇರಬಹುದು, ಕಲಿಯಬೇಕು ಅಂದುಕೊಂಡ ವಿದ್ಯೆ ಇರಬಹುದು, ಮುಂದೂಡುತ್ತಲೇ ಬಂದ ಡಾಕ್ಟರ ಭೇಟಿ ಇರಬಹುದು, ಮಾತು ಬಿಟ್ಟ ಗೆಳೆಯನಿಗೆ ಒಂದು ಫೋನ್ ಇರಬಹುದು. ಯಾಕೆ ಆಗಿಲ್ಲ ಅಂತ ಕೇಳಿ ನೋಡಿ. ಟೈಮ್ ಇಲ್ಲ ಅನ್ನುತ್ತಾರೆ, ಇಲ್ಲಾ ಸೋಮಾರಿತನ ಅಂತ ತಮ್ಮನ್ನೇ ಬೈದುಕೊಳ್ಳುತ್ತಾರೆ. ನನಗೆ ಈ ಎರಡು ಉತ್ತರದ ಮೇಲೂ ಅಷ್ಟು ನಂಬಿಕೆ ಇಲ್ಲ. ಅದೇ ಮನುಷ್ಯ ಆಫೀಸಿನಲ್ಲಿ ಹೇಳಿದ ಕೆಲಸವನ್ನು ಹೇಳಿದ ಹೊತ್ತಿಗೆ ಮುಗಿಸುತ್ತಾನೆ, ಬೇರೆಯವರ ಹತ್ತು ಕೆಲಸಕ್ಕೆ ಓಡಾಡುತ್ತಾನೆ, ತನ್ನದೇ ಯೋಚನೆಯ ವಿಷಯ ಬಂದಾಗ ಮಾತ್ರ ಕೈ ಏಳುವುದಿಲ್ಲ. ಸೋಮಾರಿತನವೇ ಕಾರಣ ಆಗಿದ್ದರೆ ಎಲ್ಲ ಕೆಲಸವೂ ನಿಲ್ಲಬೇಕಿತ್ತು, ಅಲ್ವಾ?

ಆಫೀಸಿನ ಕೆಲಸ ನಿಮ್ಮ ಹತ್ತಿರ ಬರುವಾಗಲೇ ಕೆಲಸವಾಗಿ ಬರುತ್ತದೆ. ಈ ಫೈಲ್ ನೋಡಿ, ಇಂಥವರಿಗೆ ಕಳಿಸಿ, ನಾಳೆ ಮಧ್ಯಾಹ್ನದ ಒಳಗೆ. ನಿಮ್ಮ ಸ್ವಂತ ಯೋಚನೆ ಹಾಗೆ ಬರುವುದಿಲ್ಲ. "ಏನಾದರೂ ಸ್ವಂತದ್ದು ಶುರು ಮಾಡಬೇಕು" ಅನ್ನುವುದಕ್ಕೆ ದಿನ ಇಲ್ಲ, ಗಂಟೆ ಇಲ್ಲ, ಯಾರ ಹೆಸರೂ ಇಲ್ಲ. ಅದರ ಬಗ್ಗೆ ಯೋಚನೆ ಮಾಡಬಹುದು ಅಷ್ಟೇ, ಮಾಡಲಿಕ್ಕೆ ಅದರಲ್ಲಿ ಏನೂ ಇಲ್ಲ. ಹಾಗಾಗಿ ಇಲ್ಲಿ ಹುಮ್ಮಸ್ಸು ತುಂಬುವ ಮಾತು ಆಡುವುದಿಲ್ಲ. ಹುಮ್ಮಸ್ಸು ನಿಮ್ಮಲ್ಲಿ ಆಗಲೇ ಇದೆ, ಇಲ್ಲದಿದ್ದರೆ ಆ ಯೋಚನೆ ಇಷ್ಟು ದಿನ ಕಾಡುತ್ತಿರಲಿಲ್ಲ. ಯೋಚನೆಗೆ ಕೆಲಸದ ರೂಪ ಕೊಡುವುದು ಹೇಗೆ, ಅದನ್ನು ಮಾತ್ರ ನೋಡೋಣ.

ಕಣ್ಣಿಗೆ ಕಾಣುವ ಹಾಗೆ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಯೋಚನೆ ತಲೆಯಲ್ಲಿ ಹೇಗಿದೆಯೋ ಹಾಗೇ ಒಂದು ಸಾಲಿನಲ್ಲಿ ಬರೆಯಿರಿ. ಈಗ ಒಂದು ಪ್ರಶ್ನೆ ಕೇಳಿಕೊಳ್ಳಿ: ನಾನು ಇದನ್ನು ಮಾಡುವಾಗ ಯಾರಾದರೂ ಮೊಬೈಲಿನಲ್ಲಿ ವಿಡಿಯೋ ತೆಗೆದರೆ ಅದರಲ್ಲಿ ಏನು ಕಾಣುತ್ತದೆ?

"ಆರೋಗ್ಯ ನೋಡಿಕೊಳ್ಳಬೇಕು" ಅನ್ನುವುದನ್ನು ವಿಡಿಯೋ ತೆಗೆಯಲು ಆಗುವುದಿಲ್ಲ. ಶೂ ಹಾಕಿಕೊಂಡು, ಬಾಗಿಲು ತೆಗೆದು, ಹೊರಗೆ ನಡೆಯುವುದನ್ನು ತೆಗೆಯಬಹುದು. "ಉಳಿತಾಯ ಮಾಡಬೇಕು" ಅನ್ನುವುದು ಕಾಣುವುದಿಲ್ಲ. ಬ್ಯಾಂಕಿನ ಆ್ಯಪ್ ತೆರೆದು, ಸಂಬಳ ಬಂದ ಮರುದಿನ ಇಂತಿಷ್ಟು ಹಣ ಬೇರೆ ಖಾತೆಗೆ ತಾನಾಗಿಯೇ ಹೋಗುವಂತೆ ಸೆಟ್ ಮಾಡುವುದು ಕಾಣುತ್ತದೆ. ವಿಡಿಯೋದಲ್ಲಿ ಕಾಣದ್ದು ಇನ್ನೂ ಯೋಚನೆಯ ಹಂತದಲ್ಲೇ ಇದೆ ಅಂತ ತಿಳಿದುಕೊಂಡು ಮತ್ತೆ ಬರೆಯಿರಿ.

ಕೆಲವು ಸಾಲು ಮಾತ್ರ ಮೋಸ ಮಾಡುತ್ತವೆ. "ವೆಬ್‌ಸೈಟ್ ಮಾಡಿಸಬೇಕು" ಅನ್ನುವುದು ಕೆಲಸದ ಹಾಗೇ ಕೇಳಿಸುತ್ತದೆ. ಆದರೆ ಅದರೊಳಗೆ ಹೆಸರು ಹುಡುಕುವುದು, ಮಾಡಿಕೊಡುವವರನ್ನು ಹುಡುಕುವುದು, ಏನು ಬರೆಯಬೇಕು ಅಂತ ತೀರ್ಮಾನಿಸುವುದು, ದುಡ್ಡು ಹೊಂದಿಸುವುದು ಎಲ್ಲ ಅಡಗಿ ಕೂತಿದೆ. ಪಟ್ಟಿಯಲ್ಲಿ ಆ ಸಾಲು ನೋಡಿದಾಗಲೆಲ್ಲ ಮನಸ್ಸು ಆ ಪೂರ್ತಿ ರಾಶಿಯನ್ನು ನೋಡಿ ಹಿಂದೆ ಸರಿಯುತ್ತದೆ, ನೀವು ಸುಮ್ನೆ ಬೇರೆ ಯಾವುದೋ ಸಣ್ಣ ಕೆಲಸಕ್ಕೆ ಕೈ ಹಾಕುತ್ತೀರಿ, ಸಂಜೆ ಹೊತ್ತಿಗೆ ದಿನ ಪೂರ್ತಿ ಬ್ಯುಸಿ ಇದ್ದ ಹಾಗೆ ಅನ್ನಿಸುತ್ತದೆ, ಆ ಸಾಲು ಮಾತ್ರ ಅಲ್ಲೇ ಇರುತ್ತದೆ.

ಅದಕ್ಕೆ ಮೊದಲ ಹೆಜ್ಜೆಯನ್ನು ಮೂರು ಕಡೆಯಿಂದ ಒತ್ತಿ ನೋಡಿ. ಅರ್ಧ ಗಂಟೆಯ ಒಳಗೆ ಮುಗಿಯುತ್ತದಾ? ಬೇರೆ ಯಾರ ಒಪ್ಪಿಗೆಯೂ ಇಲ್ಲದೆ ಶುರು ಮಾಡಬಹುದಾ? ಅದಕ್ಕೆ ಮುಂಚೆ ಏನನ್ನೂ ಕೊಳ್ಳದೆ ಆಗುತ್ತದಾ? ಮೂರಕ್ಕೂ ಹೌದು ಅಂತ ಬರುವ ತನಕ ಒಡೆಯುತ್ತಾ ಹೋಗಿ. ಎಷ್ಟೇ ದೊಡ್ಡ ಯೋಚನೆ ಇರಲಿ, ಹೀಗೆ ಒಡೆದಾಗ ಕೊನೆಗೆ ಕೈಯಲ್ಲಿ ಉಳಿಯುವುದು ಹೆಚ್ಚಾಗಿ ಒಂದು ಫೋನ್ ಕಾಲ್, ಒಂದು ಮೆಸೇಜು, ಇಲ್ಲಾ ಯಾವುದೋ ಅರ್ಜಿಯ ಮೊದಲ ಪುಟ. ಇಷ್ಟೇನಾ ಅನ್ನಿಸುತ್ತದೆ. ಅನ್ನಿಸಲಿ, ಹಾಗೆ ಅನ್ನಿಸಿದರೆ ಸರಿಯಾದ ಅಳತೆಗೆ ಬಂದಿದ್ದೀರಿ ಅಂತ ಅರ್ಥ.

ಕನಸು ಕಾಣುವುದು, ಊರಿಗೆಲ್ಲ ಹೇಳುವುದು

ಗೆದ್ದ ಮೇಲೆ ಹೇಗಿರುತ್ತದೆ ಅಂತ ಕಣ್ಣು ಮುಚ್ಚಿ ಕಲ್ಪಿಸಿಕೊಳ್ಳಿ ಅಂತ ಹೇಳುವವರು ಬಹಳ. ಇದನ್ನು ಪ್ರಯೋಗ ಮಾಡಿ ನೋಡಿದವರೂ ಇದ್ದಾರೆ. ಹೀದರ್ ಕ್ಯಾಪಿಸ್ ಮತ್ತು ಗೇಬ್ರಿಯೆಲ್ ಓಟಿಂಗೆನ್ ಅನ್ನುವ ಮನಃಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಲ್ಲ ಚೆನ್ನಾಗಿ ಆದ ಹಾಗೆ ಕಲ್ಪಿಸಿಕೊಂಡವರಲ್ಲಿ ಕೆಲಸಕ್ಕೆ ಬೇಕಾದ ಚೈತನ್ಯವೇ ಇಳಿದಿತ್ತು. ಮನಸ್ಸು ಆಗಲೇ ಫಲ ಉಂಡು ಕೂತುಬಿಟ್ಟರೆ ಮೈ ಯಾಕೆ ಎದ್ದೀತು? ಓಟಿಂಗೆನ್ ಹೇಳುವ ದಾರಿ ಬೇರೆ. ಬೇಕಾದದ್ದನ್ನು ಒಮ್ಮೆ ಚೆನ್ನಾಗಿ ನೆನೆಸಿಕೊಳ್ಳಿ, ಅದರ ಬೆನ್ನಿಗೇ ನಿಮ್ಮೊಳಗಿನ ಯಾವುದು ಅದಕ್ಕೆ ಅಡ್ಡ ಬರುತ್ತದೆ ಅಂತ ನೋಡಿ. ಕನಸು ಮತ್ತು ಅಡ್ಡಿ ಎರಡೂ ಒಟ್ಟಿಗೆ ಕಣ್ಣ ಮುಂದೆ ಇರಬೇಕು.

ಎಲ್ಲರಿಗೂ ಹೇಳಿಕೊಂಡು ತಿರುಗುವುದರ ಕಥೆಯೂ ಸ್ವಲ್ಪ ಇದೇ. ಪೀಟರ್ ಗೋಲ್‌ವಿಟ್ಜರ್ ಮತ್ತು ಸಂಗಡಿಗರು 2009ರಲ್ಲಿ ಕಂಡುಕೊಂಡ ಹಾಗೆ, ನಾನು ಇಂಥವನಾಗಬೇಕು ಅನ್ನುವ ಬಗೆಯ ಗುರಿಗಳಲ್ಲಿ, ಮಾಡುತ್ತೇನೆ ಅಂತ ಹೇಳಿದ್ದನ್ನು ಬೇರೆಯವರು ಗಮನಿಸಿದಾಗ ಆ ಕೆಲಸಕ್ಕೆ ಜನ ಹಾಕುವ ಶ್ರಮ ಕಡಿಮೆಯಾಯಿತು. ಶಹಭಾಸ್ ಅನ್ನಿಸಿಕೊಂಡರೆ ಅರ್ಧ ಆಗಿಯೇ ಹೋದ ಹಾಗೆ! ಹೇಳಬೇಕು ಅನ್ನಿಸಿದರೆ ಹೊಗಳುವವರಿಗೆ ಹೇಳಬೇಡಿ. ಶುಕ್ರವಾರ ಫೋನ್ ಮಾಡಿ "ಆಯ್ತಾ, ಎಲ್ಲಿ ತೋರಿಸು" ಅಂತ ಕೇಳುವ ಒಬ್ಬರಿಗೆ ಹೇಳಿ.

ಯಾವಾಗ, ಎಲ್ಲಿ, ಏನಾದ ಮೇಲೆ

ಇಡೀ ವಿಷಯದಲ್ಲಿ ನಾನು ಒಂದೇ ಒಂದನ್ನು ಆರಿಸಿಕೊಳ್ಳಬೇಕು ಅಂದರೆ ಇದನ್ನೇ ಆರಿಸುತ್ತೇನೆ. ಮಾಡುವ ಕೆಲಸದ ಪಕ್ಕದಲ್ಲಿ ಅದನ್ನು ಯಾವಾಗ, ಎಲ್ಲಿ ಮಾಡುತ್ತೇನೆ ಅಂತ ಬರೆಯುವುದು. ಕೇಳಲಿಕ್ಕೆ ತೀರಾ ಸಪ್ಪೆ ಅನ್ನಿಸುತ್ತದೆ, ಗೊತ್ತು. ಆದರೆ ಫಲಿತಾಂಶ ನೋಡಿ.

ಬ್ರಿಟನ್ನಿನಲ್ಲಿ ಸಾರಾ ಮಿಲ್ನ್ ಮತ್ತು ಸಂಗಡಿಗರು 248 ಜನರ ಮೇಲೆ ಒಂದು ಪ್ರಯೋಗ ಮಾಡಿದರು. 2002ರಲ್ಲಿ ಪ್ರಕಟವಾಯಿತು. ವಾರಕ್ಕೆ ಒಮ್ಮೆ 20 ನಿಮಿಷ ಜೋರಾಗಿ ವ್ಯಾಯಾಮ ಮಾಡುತ್ತಾರಾ ಅಂತ ನೋಡುವುದು. ಒಂದು ಗುಂಪಿಗೆ ವಿಶೇಷವಾಗಿ ಏನೂ ಹೇಳಲಿಲ್ಲ, ಅವರಲ್ಲಿ ಮಾಡಿದವರು ಶೇ. 38. ಇನ್ನೊಂದು ಗುಂಪಿಗೆ ವ್ಯಾಯಾಮ ಮಾಡದಿದ್ದರೆ ಹೃದಯಕ್ಕೆ ಏನಾಗುತ್ತದೆ ಅಂತ ವಿವರವಾಗಿ ಓದಿಸಿದರು, ಮನಸ್ಸು ಬರುವ ಹಾಗೆ. ಅವರಲ್ಲಿ ಮಾಡಿದವರು ಶೇ. 35. ಅಂದರೆ ಅಷ್ಟು ಹುರಿದುಂಬಿಸಿದರೂ ಏನೂ ವ್ಯತ್ಯಾಸ ಬರಲಿಲ್ಲ. ಮೂರನೇ ಗುಂಪು ಅದೇ ಓದಿನ ಜೊತೆಗೆ "ಮುಂದಿನ ವಾರ ಇಂಥ ದಿನ, ಇಷ್ಟು ಗಂಟೆಗೆ, ಇಂಥ ಜಾಗದಲ್ಲಿ ಮಾಡುತ್ತೇನೆ" ಅಂತ ಒಂದು ಸಾಲು ತುಂಬಿತ್ತು. ಅವರಲ್ಲಿ ಶೇ. 91 ಜನ ಮಾಡಿದರು.

ಒಂದು ಸಾಲಿಗೆ ಇಷ್ಟು ಬಲ ಎಲ್ಲಿಂದ ಬಂತು? ಗೋಲ್‌ವಿಟ್ಜರ್ 1990ರ ದಶಕದಿಂದ ಇದರ ಮೇಲೇ ಕೆಲಸ ಮಾಡಿದವರು. ಅವರ ವಿವರಣೆಯ ತಿರುಳು ಇಷ್ಟು: ಸಮಯ ಮತ್ತು ಜಾಗವನ್ನು ಮೊದಲೇ ಗಂಟು ಹಾಕಿಟ್ಟರೆ, ಆ ಗಳಿಗೆ ಬಂದಾಗ ಮತ್ತೆ ತೀರ್ಮಾನ ಮಾಡುವ ಕೆಲಸ ಇರುವುದಿಲ್ಲ. ಈಗ ಮಾಡಲಾ, ಆಮೇಲೆ ಮಾಡಲಾ ಅನ್ನುವ ಚೌಕಾಸಿಯಲ್ಲೇ ನಾವು ಸೋಲುವುದು. ಆ ಚೌಕಾಸಿಗೇ ಜಾಗ ಇರುವುದಿಲ್ಲ.

ಬರೆಯುವಾಗ ಒಂದು ಎಚ್ಚರ. "ಸಂಜೆ ಪುರುಸೊತ್ತಾದಾಗ" ಅಂತ ಬರೆದರೆ ಬರೆಯದೇ ಇದ್ದ ಹಾಗೇ. ಪುರುಸೊತ್ತು ತಾನಾಗಿ ಬಂದು ಬಾಗಿಲು ತಟ್ಟುವುದಿಲ್ಲ. ಗಡಿಯಾರದ ಗಂಟೆ ಬರೆಯಿರಿ, ಇಲ್ಲಾ ದಿನವೂ ತಪ್ಪದೆ ನಡೆಯುವ ಒಂದು ಘಟನೆಗೆ ಕಟ್ಟಿ. "ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದ ಕೂಡಲೇ, ಇಮೇಲ್ ನೋಡುವ ಮುಂಚೆ, ಪ್ರಸ್ತಾಪದ ಒಂದು ಪ್ಯಾರಾ ಬರೆಯುತ್ತೇನೆ." ಅಡ್ಡಿಗಳಿಗೂ ಇದೇ ರೀತಿ ಬರೆಯಬಹುದು: "ಆ ಹೊತ್ತಿಗೆ ಯಾರಾದರೂ ಫೋನ್ ಮಾಡಿದರೆ, ಅರ್ಧ ಗಂಟೆ ಬಿಟ್ಟು ಮಾಡುತ್ತೇನೆ ಅಂತ ಮೆಸೇಜ್ ಹಾಕುತ್ತೇನೆ." ಹೀಗಾದರೆ ಹೀಗೆ. ಕೆಲಸ ಒಂದಕ್ಕೆ ಇಂಥ ಒಂದೆರಡು ಸಾಲು ಸಾಕು. ಇಪ್ಪತ್ತು ಬರೆದರೆ ಅದೇ ಒಂದು ಹೊಸ ಯೋಜನೆಯಾಗಿ ಕೂರುತ್ತದೆ.

ಇದರಿಂದ ಇನ್ನೊಂದು ಲಾಭವೂ ಇದೆ. ಮುಗಿಯದ ಕೆಲಸ ಮನಸ್ಸನ್ನು ಕೊರೆಯುತ್ತಿರುತ್ತದೆ ಅಂತ ಬ್ಲೂಮಾ ಝೈಗಾರ್ನಿಕ್ 1927ರಲ್ಲೇ ಬರೆದಿದ್ದರು. ಮಾಸಿಕಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ತೋರಿಸಿದ್ದು, ಆ ಕೊರೆತ ನಿಲ್ಲಲು ಕೆಲಸ ಮುಗಿಯಲೇಬೇಕು ಅಂತಿಲ್ಲ, ಯಾವಾಗ ಹೇಗೆ ಮಾಡುತ್ತೇನೆ ಅಂತ ನಿರ್ದಿಷ್ಟವಾಗಿ ಬರೆದಿಟ್ಟರೂ ಅದು ಅಡಗುತ್ತದೆ ಅಂತ. ರಾತ್ರಿ ಮಲಗಿದಾಗ ವ್ಯವಹಾರದ ಯೋಚನೆ ತಲೆ ತಿನ್ನುವವರು ಹಾಸಿಗೆ ಪಕ್ಕ ಒಂದು ಚೀಟಿ, ಪೆನ್ನು ಇಟ್ಟುಕೊಂಡು ನೋಡಬಹುದು.

ವ್ಯವಹಾರದ ಯೋಚನೆ: ಮೊದಲು ಗಿರಾಕಿ, ಆಮೇಲೆ ಉಳಿದದ್ದು

ವ್ಯವಹಾರದಲ್ಲಿ ಯೋಚನೆ ಕೆಲಸವಾಗದೆ ಉಳಿಯುವುದು ಇನ್ನೊಂದು ಬಗೆ. ಅಲ್ಲಿ ಜನ ಸುಮ್ಮನೆ ಕೂರುವುದಿಲ್ಲ, ಬೇಕಾದಷ್ಟು ಓಡಾಡುತ್ತಾರೆ. ಹೆಸರು ಇಡುತ್ತಾರೆ, ಲೋಗೋ ಮಾಡಿಸುತ್ತಾರೆ, ವಿಸಿಟಿಂಗ್ ಕಾರ್ಡ್ ಬರುತ್ತದೆ, ಇನ್‌ಸ್ಟಾಗ್ರಾಮ್ ಪೇಜ್ ಆಗುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಇದೆಲ್ಲ ಕೆಲಸವೇ, ಸಂಶಯ ಇಲ್ಲ. ಆದರೆ ಇದರಲ್ಲಿ ಯಾವುದೂ "ಬೇಡ" ಅಂತ ಹೇಳುವ ಒಬ್ಬ ಮನುಷ್ಯನ ಎದುರು ನಿಮ್ಮನ್ನು ನಿಲ್ಲಿಸುವುದಿಲ್ಲ. ಅದಕ್ಕೇ ಅದು ಅಷ್ಟು ಹಿತ.

1999ರಲ್ಲಿ ಅಮೆರಿಕದಲ್ಲಿ ನಿಕ್ ಸ್ವಿನ್‌ಮರ್ನ್‌ಗೆ ಇಂಟರ್ನೆಟ್‌ನಲ್ಲಿ ಶೂ ಮಾರುವ ಯೋಚನೆ ಬಂತು. ಹಾಕಿ ನೋಡದೆ ಶೂ ಯಾರು ಕೊಳ್ಳುತ್ತಾರೆ ಅನ್ನುವುದೇ ಆಗ ದೊಡ್ಡ ಪ್ರಶ್ನೆ. ಅವರು ಗೋದಾಮು ಹಿಡಿಯಲಿಲ್ಲ, ಸ್ಟಾಕ್ ತುಂಬಲಿಲ್ಲ. ಶೂ ಅಂಗಡಿಗೆ ಹೋಗಿ ಶೂಗಳ ಫೋಟೋ ತೆಗೆದು ವೆಬ್‌ಸೈಟಿಗೆ ಹಾಕಿದರು, ಆರ್ಡರ್ ಬಂದಾಗ ಅದೇ ಅಂಗಡಿಯಲ್ಲಿ ಪೂರ್ತಿ ಬೆಲೆ ಕೊಟ್ಟು ಕೊಂಡು ಪೋಸ್ಟ್ ಮಾಡಿದರು. ಹಾಗೆ ಮಾರಿದರೆ ಲಾಭ ಎಲ್ಲಿಂದ ಬರಬೇಕು? ಆದರೆ ಜನ ಕೊಳ್ಳುತ್ತಾರಾ ಇಲ್ಲವಾ ಅನ್ನುವುದು ಗೊತ್ತಾಯಿತು. ಅದೇ ಮುಂದೆ ಝ್ಯಾಪೋಸ್ ಕಂಪನಿ ಆಯಿತು, 2009ರಲ್ಲಿ ಅಮೆಜಾನ್ ಅದನ್ನು ಕೊಂಡುಕೊಂಡಿತು.

ನಿಮ್ಮ ಯೋಚನೆಗೆ ಇದನ್ನು ಹೇಗೆ ಹಚ್ಚುವುದು? ಮಕ್ಕಳಿಗೆ ಆನ್‌ಲೈನ್‌ನಲ್ಲಿ ಚಿತ್ರ ಬಿಡಿಸಲು ಕಲಿಸಬೇಕು ಅನ್ನುವುದು ಯೋಚನೆ ಅಂತ ಇಟ್ಟುಕೊಳ್ಳೋಣ. ಸಾಮಾನ್ಯವಾಗಿ ಪರಿಚಯದವರಿಗೆ ಹೋಗುವ ಮೆಸೇಜ್ ಹೀಗಿರುತ್ತದೆ: "ಡ್ರಾಯಿಂಗ್ ಕ್ಲಾಸ್ ಶುರು ಮಾಡೋಣ ಅಂತಿದ್ದೀನಿ, ಏನನ್ನಿಸುತ್ತೆ?" ಇದಕ್ಕೆ ಬರುವ ಉತ್ತರ ಒಂದೇ. "ಸೂಪರ್, ಮಾಡಿ ಮಾಡಿ!" ಹತ್ತು ಜನ ಹೀಗೆ ಹೇಳಿದರೂ ಒಂದು ಮಗುವೂ ಸೇರುವುದಿಲ್ಲ, ಯಾಕೆಂದರೆ ನೀವು ಕೇಳಿದ್ದು ಅಭಿಪ್ರಾಯ, ಅವರು ಕೊಟ್ಟಿದ್ದು ಅಭಿಪ್ರಾಯ. ಈಗ ಇದನ್ನು ನೋಡಿ:

"ನಮಸ್ಕಾರ. 8ರಿಂದ 10 ವರ್ಷದ ಮಕ್ಕಳಿಗೆ ಪೆನ್ಸಿಲ್ ಡ್ರಾಯಿಂಗ್ ನಾಲ್ಕು ಕ್ಲಾಸು ತಗೊಳ್ತಿದ್ದೀನಿ. ಬರುವ ಶನಿವಾರದಿಂದ ನಾಲ್ಕು ಶನಿವಾರ, ಬೆಳಿಗ್ಗೆ 10ಕ್ಕೆ, ವಿಡಿಯೋ ಕಾಲ್‌ನಲ್ಲಿ, 45 ನಿಮಿಷ. ಐದು ಮಕ್ಕಳು ಮಾತ್ರ. ನಾಲ್ಕಕ್ಕೂ ಸೇರಿ ಫೀಸು ಇಷ್ಟು, ಮೊದಲೇ ಕೊಡಬೇಕು. ನಿಮ್ಮ ಮಗಳನ್ನು ಸೇರಿಸುತ್ತೀರಾ? ಗುರುವಾರದ ಒಳಗೆ ಹೇಳಿದರೆ ಒಳ್ಳೆಯದು."

ಇದರಲ್ಲಿ ವಯಸ್ಸಿದೆ, ದಿನ ಇದೆ, ದುಡ್ಡಿದೆ, ಹೌದು ಇಲ್ಲ ಅಂತ ಹೇಳಲೇಬೇಕಾದ ಪ್ರಶ್ನೆ ಇದೆ. "ಇಷ್ಟು" ಅನ್ನುವ ಜಾಗದಲ್ಲಿ ಮೊತ್ತ ಬರೆಯುವಾಗಲೇ ಕೈ ನಡುಗುವುದು. ಎಷ್ಟೋ ಜನ ಅಲ್ಲಿ "ಫೀಸು ಆಮೇಲೆ ಮಾತಾಡೋಣ" ಅಂತ ಬರೆದು ತಪ್ಪಿಸಿಕೊಳ್ಳುತ್ತಾರೆ. ಬರೆಯಿರಿ. ದುಡ್ಡಿನ ಮಾತು ಇಲ್ಲದ ಹೌದು ಲೆಕ್ಕಕ್ಕೆ ಬರುವುದಿಲ್ಲ.

ಇಂಥದ್ದನ್ನು ಗುಂಪಿಗೆ ಹಾಕಬೇಡಿ, ಒಬ್ಬೊಬ್ಬರಿಗೇ ಹೆಸರು ಹಾಕಿ ಕಳಿಸಿ. ಗುಂಪಿನಲ್ಲಿ ಪ್ರತಿಯೊಬ್ಬರೂ ಇದು ತನಗಲ್ಲ ಅಂದುಕೊಳ್ಳುತ್ತಾರೆ. ಆಮೇಲೆ ಬರುವ ಉತ್ತರಗಳನ್ನು ಸರಿಯಾಗಿ ಓದಿ. "ಶನಿವಾರ ಆಗಲ್ಲ, ಭಾನುವಾರ ಆದರೆ ಸೇರಿಸ್ತೀವಿ" ಅಂದರೆ ಅದು ಚಿನ್ನದಂಥ ಉತ್ತರ, ಅವರಿಗೆ ಬೇಕಾಗಿದೆ, ಹೊತ್ತು ಮಾತ್ರ ಹೊಂದುತ್ತಿಲ್ಲ. "ಜಾಸ್ತಿ ಆಯ್ತು" ಅಂದರೆ ಅದೂ ಒಳ್ಳೆಯದೇ, ಎಷ್ಟಾದರೆ ಸರಿ ಅಂತ ಅಲ್ಲೇ ಕೇಳಬಹುದು. "ನೋಡೋಣ" ಅಂದರೆ ಇಲ್ಲ ಅಂತಲೇ ಇಟ್ಟುಕೊಳ್ಳಿ. ಉತ್ತರವೇ ಬರದಿದ್ದರೆ ಎರಡು ದಿನ ಬಿಟ್ಟು ಒಮ್ಮೆ ಕೇಳಿ, ಮತ್ತೆ ಕೇಳಬೇಡಿ. ಕೇಳಿದವರಲ್ಲಿ ಯಾರೂ ಸೇರದಿದ್ದರೆ ನೀವು ಕಳೆದುಕೊಂಡದ್ದು ಒಂದು ವಾರ. ಲೋಗೋ, ಕ್ಯಾಮೆರಾ, ವೆಬ್‌ಸೈಟ್ ಎಲ್ಲ ಆದ ಮೇಲೆ ಇದೇ ಗೊತ್ತಾಗಿದ್ದರೆ ಎಷ್ಟು ಹೋಗುತ್ತಿತ್ತು ಲೆಕ್ಕ ಹಾಕಿ. ಒಬ್ಬರೇ ಒಬ್ಬರು ಸೇರಿದರೆ ಆ ಒಂದು ಮಗುವಿಗೆ ನಾಲ್ಕು ಕ್ಲಾಸೂ ಮಾಡಿ, ರದ್ದು ಮಾಡಬೇಡಿ. 45 ನಿಮಿಷ ಸಾಲುತ್ತದಾ, ಮಗು ಎಷ್ಟು ಹೊತ್ತಿಗೆ ಬೇಸರ ಪಡುತ್ತದೆ, ಪೋಷಕರು ಪಕ್ಕದಲ್ಲೇ ಕೂರುತ್ತಾರಾ, ಮೊಬೈಲನ್ನು ಹೇಗಿಟ್ಟರೆ ಹಾಳೆ ಕಾಣುತ್ತದೆ, ಇದೆಲ್ಲ ಯಾವ ಪ್ಲಾನಿನಲ್ಲೂ ಮೊದಲೇ ಬರೆಯಲಿಕ್ಕೆ ಆಗುವುದಿಲ್ಲ.

ಜೇಮ್ಸ್ ಡೈಸನ್ ಚೀಲ ಇಲ್ಲದ ವ್ಯಾಕ್ಯೂಮ್ ಕ್ಲೀನರ್ ಮಾಡಲು 5,127 ಮಾದರಿ ಮಾಡಿದರು ಅನ್ನುವುದನ್ನು ಎಲ್ಲರೂ ಛಲ ಬಿಡಬಾರದು ಅನ್ನುವುದಕ್ಕೆ ಉದಾಹರಣೆ ಕೊಡುತ್ತಾರೆ. ನನಗೆ ಅದರಲ್ಲಿ ಹಿಡಿಸುವುದು ಬೇರೆ: ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ನೋಡುತ್ತಿದ್ದರು. ನಿಮ್ಮ ಕ್ಲಾಸಿನಲ್ಲೂ ದಿನ, ಫೀಸು, ವಯಸ್ಸು ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಜನ ಯಾವುದಕ್ಕೆ ಬಂದರು ಅಂತ ಗೊತ್ತಾಗುವುದೇ ಇಲ್ಲ.

ತೀರ್ಮಾನಕ್ಕೆ ಎಷ್ಟು ತಲೆ ಕೆಡಿಸಿಕೊಳ್ಳಬೇಕು

ಅಮೆಜಾನ್‌ನ ಜೆಫ್ ಬೆಜೋಸ್ ತಮ್ಮ ಷೇರುದಾರರಿಗೆ ಬರೆದ 2015ನೇ ಸಾಲಿನ ಪತ್ರದಲ್ಲಿ ತೀರ್ಮಾನಗಳನ್ನು ಎರಡಾಗಿ ವಿಂಗಡಿಸಿದರು. ಒಮ್ಮೆ ಮಾಡಿದರೆ ವಾಪಸ್ ಬರಲಾಗದ್ದು ಒಂದು, ಸರಿ ಹೋಗದಿದ್ದರೆ ವಾಪಸ್ ಬರಬಹುದಾದದ್ದು ಇನ್ನೊಂದು. ಎರಡನೆಯದನ್ನೂ ಮೊದಲನೆಯದರ ಹಾಗೆ ತೂಗಿ ತೂಗಿ ನೋಡುವುದರಿಂದ ದೊಡ್ಡ ಸಂಸ್ಥೆಗಳು ನಿಧಾನವಾಗುತ್ತವೆ ಅನ್ನುವುದು ಅವರ ಮಾತು. ಮನೆ ಮಾರುವುದು, ಕೆಲಸ ಬಿಡುವುದು, ಸಾಲಕ್ಕೆ ಸಹಿ ಹಾಕುವುದು, ಇದಕ್ಕೆಲ್ಲ ನಿದ್ದೆಗೆಟ್ಟು ಯೋಚನೆ ಮಾಡಿ, ಬಲ್ಲವರನ್ನು ಕೇಳಿ, ತಡ ಆದರೂ ಪರವಾಗಿಲ್ಲ. ಕ್ಲಾಸು ಶನಿವಾರವಾ ಭಾನುವಾರವಾ ಅನ್ನುವುದಕ್ಕೆ ಹತ್ತು ನಿಮಿಷ ಸಾಕು. ನಾನು ನೋಡಿದ ಹಾಗೆ ಜನ ಇದನ್ನು ಸರಿಯಾಗಿ ಉಲ್ಟಾ ಮಾಡುತ್ತಾರೆ, ಲೋಗೋದ ಬಣ್ಣಕ್ಕೆ ಒಂದು ತಿಂಗಳು, ಪಾಲುದಾರಿಕೆಗೆ ಒಂದು ಸಂಜೆ.

ಟೈಮ್ ಲೆಕ್ಕ ಯಾವಾಗಲೂ ತಪ್ಪುತ್ತದೆ

1994ರಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳಿಗೆ ಥೀಸಿಸ್ ಎಷ್ಟು ದಿನದಲ್ಲಿ ಮುಗಿಸುತ್ತೀರಿ ಅಂತ ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಕೆಟ್ಟು ಹೋದರೆ ಎಷ್ಟಾಗಬಹುದು ಅಂದಾಗ ಸುಮಾರು 49 ಅಂದರು. ನಿಜವಾಗಿ ಹಿಡಿದದ್ದು 55ಕ್ಕಿಂತ ಜಾಸ್ತಿ. ತೀರಾ ಕೆಟ್ಟದ್ದು ಅಂದುಕೊಂಡ ಲೆಕ್ಕಕ್ಕಿಂತಲೂ ಮೇಲೆ! ಈ ಪಾಡು ಅವರೊಬ್ಬರದ್ದಲ್ಲ, ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವರ್ಸ್ಕಿ ಈ ಬಗೆಯ ತಪ್ಪು ಲೆಕ್ಕದ ಬಗ್ಗೆ 1979ರಲ್ಲೇ ಬರೆದಿದ್ದರು.

ಉಪಾಯ ಒಂದೇ. ಈ ಕೆಲಸ ಎಷ್ಟು ಹೊತ್ತು ಹಿಡಿಯಬಹುದು ಅಂತ ಊಹಿಸಬೇಡಿ, ಹೋದ ಸಲ ಇಂಥದ್ದೇ ಕೆಲಸ ಎಷ್ಟು ಹೊತ್ತು ಹಿಡಿಯಿತು ಅಂತ ಹಳೆಯ ಮೆಸೇಜು, ಬಿಲ್ಲು, ಕ್ಯಾಲೆಂಡರ್ ತೆಗೆದು ನೋಡಿ. ಗಿರಾಕಿಗೆ ದಿನಾಂಕ ಕೊಡುವಾಗಲಂತೂ ಇದು ಬೇಕೇ ಬೇಕು.

ಗಡುವಿನ ವಿಷಯದಲ್ಲಿ ಇನ್ನೊಂದು. ಡಾನ್ ಏರಿಯಲಿ ಮತ್ತು ಕ್ಲಾಸ್ ವರ್ಟೆನ್‌ಬ್ರೋಕ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೂರು ಬರಹಕ್ಕೆ ತಾವೇ ಗಡುವು ಹಾಕಿಕೊಂಡ ವಿದ್ಯಾರ್ಥಿಗಳಿಗಿಂತ ಕಾಲೇಜೇ ಸಮ ಅಂತರದಲ್ಲಿ ಗಡುವು ಹಾಕಿದ ವಿದ್ಯಾರ್ಥಿಗಳಿಗೆ ಜಾಸ್ತಿ ಅಂಕ ಬಂತು. ನಮಗೆ ನಾವೇ ಹಾಕಿಕೊಳ್ಳುವ ಗಡುವು ಸ್ವಲ್ಪ ಸಡಿಲ. ಸಾಧ್ಯವಾದಲ್ಲೆಲ್ಲ ಗಡುವನ್ನು ಬೇರೆಯವರ ಕೈಗೆ ಕೊಡಿ: ಮೊದಲೇ ಫೀಸು ತೆಗೆದುಕೊಳ್ಳಿ, ತೋರಿಸುವ ದಿನ ನಿಗದಿ ಮಾಡಿ ಒಬ್ಬರನ್ನು ಕರೆಯಿರಿ.

ಎಲ್ಲ ಗೊತ್ತಿದ್ದೂ ಕೈ ಏಳದಿದ್ದರೆ

ಹೆಜ್ಜೆ ಚಿಕ್ಕದಿದೆ, ದಿನ, ಗಂಟೆ ಬರೆದಿದೆ, ಆದರೂ ಆಗುತ್ತಿಲ್ಲ. ಆಗ ಯೋಜನೆ ಸರಿ ಇಲ್ಲ ಅಂತ ಮತ್ತೆ ಯೋಜನೆ ಮಾಡಲು ಕೂರಬೇಡಿ. ಫುಶಿಯಾ ಸಿರೊಯಿ ಮತ್ತು ಟಿಮೊತಿ ಪಿಚಿಲ್ 2013ರ ಬರಹದಲ್ಲಿ ವಾದಿಸಿದ್ದು, ಕೆಲಸ ಮುಂದೂಡುವುದರ ಬೇರು ಸಮಯ ಹೊಂದಿಸುವುದರಲ್ಲಿಲ್ಲ, ಮನಸ್ಸಿನ ಇರಿಸುಮುರಿಸಿನಿಂದ ಈ ಕ್ಷಣಕ್ಕೆ ತಪ್ಪಿಸಿಕೊಳ್ಳುವುದರಲ್ಲಿದೆ ಅಂತ. ಗೆಳೆಯನಿಗೆ ಫೋನ್ ಮಾಡುವುದು ಎರಡು ನಿಮಿಷದ ಕೆಲಸ. ಅದು ವರ್ಷಗಟ್ಟಲೆ ಉಳಿಯುವುದು ಎರಡು ನಿಮಿಷ ಸಿಗದೆ ಅಲ್ಲ, ಇಷ್ಟು ದಿನ ಯಾಕೆ ಮಾಡಲಿಲ್ಲ ಅಂತ ಅವನು ಕೇಳಿದರೆ ಏನು ಹೇಳುವುದು ಅನ್ನುವ ನಾಚಿಕೆಗೆ. ಪ್ರತಿ ತಿಂಗಳು ಕಳೆದ ಹಾಗೂ ಆ ನಾಚಿಕೆ ಬೆಳೆಯುತ್ತದೆ, ನಾಚಿಕೆ ಬೆಳೆದ ಹಾಗೂ ಫೋನ್ ಇನ್ನೂ ದೂರ ಹೋಗುತ್ತದೆ.

ಇಂಥ ಕಡೆ ಮೊದಲು ಆ ಇರಿಸುಮುರಿಸು ಯಾವುದು ಅಂತ ಹೆಸರು ಹಿಡಿದು ಬರೆಯಿರಿ. ನಾಚಿಕೆಯಾ, ಬೈಸಿಕೊಳ್ಳುವ ಭಯವಾ, ಸರಿಯಾಗಿ ಬರದಿದ್ದರೆ ಅನ್ನುವ ಅಳುಕಾ? ಆಮೇಲೆ ಅದಕ್ಕೆ ತಕ್ಕ ಹಾಗೆ ಹೆಜ್ಜೆ ಬದಲಾಯಿಸಿ. ನಾಚಿಕೆಗೆ ಒಳ್ಳೆಯ ಮದ್ದು ಮೊದಲ ವಾಕ್ಯವನ್ನು ಬರೆದಿಟ್ಟುಕೊಳ್ಳುವುದು: "ಇಷ್ಟು ದಿನ ಮಾಡಲಿಲ್ಲ, ಮಾಡಬೇಕಿತ್ತು. ಹೇಗಿದ್ದೀಯ?" ಕಾರಣ ವಿವರಿಸಲು ಹೋಗಬೇಡಿ. ಅಳುಕಿಗೆ, ಬೇಕೆಂದೇ ಕೆಟ್ಟದಾಗಿ ಮಾಡುವ ಒಂದು ಸುತ್ತು ಇಟ್ಟುಕೊಳ್ಳಿ, ಯಾರಿಗೂ ತೋರಿಸದ ಕರಡು.

ಮಧ್ಯದಲ್ಲಿ ತಪ್ಪಿ ಹೋದರೆ? ಫಿಲಿಪ್ಪಾ ಲ್ಯಾಲಿ ಲಂಡನ್ನಿನಲ್ಲಿ 96 ಜನರ ಮೇಲೆ ಮಾಡಿದ ಅಧ್ಯಯನ 2010ರಲ್ಲಿ ಬಂತು. ಒಂದು ಹೊಸ ಅಭ್ಯಾಸ ತಾನಾಗಿ ಆಗುವಷ್ಟು ಒಗ್ಗಲು ಸಾಮಾನ್ಯವಾಗಿ 66 ದಿನ ಹಿಡಿಯಿತು, ಆದರೆ ಒಬ್ಬೊಬ್ಬರಿಗೆ 18ರಿಂದ 254 ದಿನದವರೆಗೆ ಹೆಚ್ಚುಕಡಿಮೆ ಇತ್ತು. 21 ದಿನದಲ್ಲಿ ಆಗುತ್ತದೆ ಅನ್ನುವ ಮಾತು ನಂಬಿ 22ನೇ ದಿನ ನಿರಾಶರಾಗುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಅದೇ ಅಧ್ಯಯನದಲ್ಲಿ ಒಂದು ದಿನ ತಪ್ಪಿದ್ದರಿಂದ ಅಂಥ ನಷ್ಟವೇನೂ ಆಗಲಿಲ್ಲ. ಒಂದು ದಿನ ತಪ್ಪಿತು ಅಂತ ಪೂರ್ತಿ ಕೈಬಿಡುವುದೇ ನಷ್ಟ.

ನಾಲ್ಕು ಜನ ಸೇರಿದ ಕಡೆ

ಮೀಟಿಂಗಿನಲ್ಲಿ ಒಳ್ಳೆಯ ಯೋಚನೆ ಬಂದು, ಎಲ್ಲರೂ ತಲೆಯಾಡಿಸಿ, ಅಲ್ಲಿಂದ ಎದ್ದ ಮೇಲೆ ಏನೂ ಆಗದಿರುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಎಲ್ಲರ ಕೆಲಸ ಯಾರ ಕೆಲಸವೂ ಅಲ್ಲ. ಏಳುವ ಮುಂಚೆ ಒಬ್ಬರ ಹೆಸರು, ಒಂದು ಕೆಲಸ, ಒಂದು ದಿನಾಂಕ. ಇಬ್ಬರ ಹೆಸರು ಬೇಡ, ಒಬ್ಬರದ್ದೇ. ಬರೆದದ್ದನ್ನು ಅಲ್ಲೇ ಓದಿ ಹೇಳಿ, ಆ ಮನುಷ್ಯ ಹೂಂ ಅನ್ನಲಿ.

ದೊಡ್ಡ ಕೆಲಸಕ್ಕೆ ಕೈ ಹಾಕುವ ಮುಂಚೆ ಗ್ಯಾರಿ ಕ್ಲೈನ್ 2007ರಲ್ಲಿ ಬರೆದ ಒಂದು ಪದ್ಧತಿ ಇದೆ, ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಕೆಲಸ ಆಗಲೇ ಪೂರ್ತಿ ನೆಲ ಕಚ್ಚಿದೆ ಅಂತ ಇಟ್ಟುಕೊಂಡು, ಯಾಕೆ ಹಾಗಾಯಿತು ಅಂತ ಪ್ರತಿಯೊಬ್ಬರೂ ತಮ್ಮ ಪಾಡಿಗೆ ಬರೆಯುವುದು, ಆಮೇಲೆ ಓದುವುದು. ಸೋಲುತ್ತದಾ ಅಂತ ಕೇಳಿದರೆ ಬಾಯಿ ಬಿಡದವರು, ಸೋತಾಗಿದೆ ಅಂದರೆ ಕಾರಣ ಹೇಳುತ್ತಾರೆ. ಬಂದ ಕಾರಣಗಳಲ್ಲಿ ದೊಡ್ಡ ಎರಡನ್ನು ತೆಗೆದುಕೊಂಡು ಅವಕ್ಕೆ "ಹೀಗಾದರೆ ಹೀಗೆ" ಸಾಲು ಬರೆದಿಡಿ.

ವಾರಕ್ಕೊಮ್ಮೆ ಹಾಳೆ ತೆಗೆದು

ವಾರದಲ್ಲಿ ಒಂದು ದಿನ, ಒಂದೇ ಹೊತ್ತಿಗೆ, ಬರೆದ ಹಾಳೆಯನ್ನು ನೋಡಿ. ಆದದ್ದನ್ನು ಹೊಡೆದು ಹಾಕಿ, ಅದರ ಮುಂದಿನ ಹೆಜ್ಜೆ ಬರೆಯಿರಿ, ಅದಕ್ಕೂ ದಿನ, ಗಂಟೆ, ಜಾಗ. ಕೈಯಲ್ಲಿ ಒಂದೆರಡು ಯೋಚನೆಗಿಂತ ಜಾಸ್ತಿ ಇಟ್ಟುಕೊಳ್ಳಬೇಡಿ. ಉಳಿದವು ಎಷ್ಟೇ ಚೆನ್ನಾಗಿದ್ದರೂ ಬೇರೆ ಪುಟದಲ್ಲಿ ಕಾಯಲಿ, ಅದಕ್ಕೆ ಪಾಪಪ್ರಜ್ಞೆ ಬೇಡ.

ಒಂದೇ ಸಾಲು ಮೂರು ವಾರ ಹಾಗೇ ಮುಂದಕ್ಕೆ ಹೋಗುತ್ತಿದ್ದರೆ ಅಲ್ಲಿ ನಿಲ್ಲಿ. ಒಂದೋ ಆ ಹೆಜ್ಜೆ ಇನ್ನೂ ದೊಡ್ಡದಿದೆ, ಒಡೆಯಬೇಕು. ಒಂದೋ ಇನ್ನೇನೋ ಮೊದಲು ಆಗದೆ ಅದು ಆಗುವುದಿಲ್ಲ, ಆ ಇನ್ನೇನೋ ಏನು ಅಂತ ಬರೆಯಬೇಕು. ಎರಡೂ ಅಲ್ಲದಿದ್ದರೆ ಆ ಕೆಲಸ ನಿಮಗೆ ಬೇಕಾಗಿಲ್ಲ, ಬೇಕು ಅಂತ ಹೇಳಿಕೊಳ್ಳುವುದು ಇಷ್ಟ ಅಷ್ಟೇ. ಅಂಥದ್ದನ್ನು ಹೊಡೆದು ಹಾಕಿ. ಅದನ್ನು ಕೇಳಿ ಕಣ್ಣರಳಿಸಿದವರು ಯಾರಾದರೂ ಇದ್ದರೆ ಅವರಿಗೆ ಕೊಟ್ಟುಬಿಡಿ, ಇಲ್ಲಿಯವರೆಗೆ ಹುಡುಕಿದ ಮಾಹಿತಿ, ಫೋನ್ ನಂಬರು, ಲಿಂಕು ಎಲ್ಲ ಸೇರಿಸಿ.